ಎಡಗಾಲಿ

ಮೊದಲು ಗಾಳಿ ಬಿಡಬೇಕು.
ಎರಡು ಹೋಳು ಕೂಡಿಸಿ ಬಿಗಿದ ಗಾಲಿ ಇದು.
ಗಾಳಿ ಇರೂವಾಗ ಬೋಲ್ಟಿಗೆ ಪಾನಾ ಹಾಕಿದವರ
ಬೆರಳು ಎಣಿಸಿ ನೋಡು, ಅಂತಿದ್ದ ಸ್ಯಾಮಸನ್ ಮಿಸ್ತ್ರಿ.
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತೊಂದು ವರ್ಷ
ಗಾಲಿಗಳ ಗೊಣಗಾಟ ಕೇಳಿದ ಕಿವಿ ಅಂವಂದು.
ಬೆರಳು ಒಂಬತ್ತು.

ಶ್ ಅಂತ ಹೋತು ಎಡಗಾಲಿಯ ಉಸಿರು,
ಗೋಕುಲ ರೋಡಿನ ಧೂಳಿನೊಳಗ ಬೆರೀತು.
ಜ್ಯಾಕಿನ ಮ್ಯಾಲ ಒಂದು ಕಾಲು ಎತ್ತಿ ನಿಂತೈತಿ
ಇಬ್ಬರು ಕೂಡೂವಂಥ ವಿಮಾನ,
ಮುಳ್ಳು ತಗಸ್ಕೊಳ್ಳೋ ಕೂಸಿನಂಗ.

ಕಡಾಣಿ ಕಿತ್ತೆ.
ಕಾಟರ್ ಪಿನ್ ಅಂತ ಪುಸ್ತಕದಾಗ ಬರದಾರ,
ನಮ್ಮ ಚಕ್ಕಡಿಗೆ ಇದ್ದದ್ದೂ ಇದ.
ಒಮ್ಮೆ ಬಗ್ಗಿಸಿದ್ದನ್ನ ಎರಡನೇ ಸಲ ಹಾಕೂದಿಲ್ಲ.
ನೆಟ್ಟಗ ಮಾಡಿದ್ರ
ಬಗ್ಗಿದ್ದು ಮರೀತೈತೇನು ಕಬ್ಬಿಣ?

ಬೇರಿಂಗ್ ಹೊರಗ ಬಂತು, ಕರ್ರಗ,
ಮೈತುಂಬ ಹಳೇ ಗ್ರೀಸು, ಕಾಕಂಬಿಯಂಗ.
ಅದ್ದಿ, ತಿಕ್ಕಿ, ಮತ್ತ ಅದ್ದಿ
ಉರುಳೆ ಬೆಳ್ಳಗ ಕಾಣೂ ಹೊತ್ತಿಗೆ
ಮೈಲಾರಿ ಕಂಪ್ರೆಸರ್ ಪೈಪು ಹಿಡಿದು ಬಂದ.
ಬ್ಯಾಡೋ. ಎಣ್ಣಿ ಇಲ್ಲದ ಬೇರಿಂಗಿಗೆ ಗಾಳಿ ಹೊಡದ್ರ
ಸೀಟಿ ಹಾಕ್ತೈತಿ ಖರೆ,
ಖುಷಿಗೆ ಅಲ್ಲ ಅದು.

ಲೆಕ್ಕ ಹಾಕು ಮೈಲಾರಿ.
ತಾಸು ಹಾರಿದ್ರ ಗಾಲಿಯ ಕೆಲಸ ನಾಕೈದು ನಿಮಿಷ.
ಉಳಿದ ಹೊತ್ತು ಹೊಟ್ಟಿ ಕೆಳಗ ಜೋತುಬಿದ್ದು
ಉಣಕಲ್ ಕೆರಿ, ಹೆಸರಿನ ಹೊಲ, ನೃಪತುಂಗ ಬೆಟ್ಟ
ಸುಮ್ನ ನೋಡ್ಕೋತ ಹೋಗ್ತೈತಿ.
ಇಳಿಯೂವಾಗ
ನಿಂತ ಗಾಲಿ, ಓಡೂ ನೆಲ.
ಕಣ್ಣು ಪಿಳುಕಿಸೂದ್ರಾಗ
ಸೊನ್ನಿಯಿಂದ ಪೂರಾ ಓಟಕ್ಕ ಬರಬೇಕು.
ಕಿರ್ ಅಂತೈತಿ ರಬ್ಬರು, ಚೂರು ಹೊಗಿ ಏಳ್ತೈತಿ,
ಮಂದಿ ಅದನ್ನ ನೋಡ್ತಾರ.
ಒಳಗ ಇಷ್ಟೂ ಉರುಳೆ ಒಮ್ಮೆಲೆ ಎಚ್ಚರಾದದ್ದು
ಯಾರಿಗೂ ಕಾಣೂದಿಲ್ಲ.

ಒಂದೊಂದರ ಮ್ಯಾಲ ಉಗುರು ಆಡಿಸಿದೆ.
ಏಳನೇದ್ದಕ್ಕ ತಡೀತು.
ನವಣಿ ಕಾಳಿನ ಅರ್ಧದಷ್ಟು ಕುಳಿ.
ಮಳಿಗಾಲ ಪೂರಾ ಶೆಡ್ಡಿನ್ಯಾಗ ನಿಂತಿತ್ತಲ್ಲ,
ಎಲ್ಲಿಂದೋ ಒಂದು ಹನಿ ಒಳಗ ಸೇರಿ
ಅದ ಜಾಗಾ ಹಿಡಿದು ಕೂತದ್ದು.
ಓಡಿ ಕೆಟ್ಟದ್ದಲ್ಲ ಇದು. ನಿಂತು.

ನಾಳೆ ಸುಮೇಧಾ ಮೊದಲ ಸಲ ಒಬ್ಬಾಕಿನ ಹಾರಾಕಿ.
ಕ್ಯಾಪ್ಟನ್ ಕಮಡೊಳ್ಳಿ ಅಂದ್ರು:
ಒಂದ ಸುತ್ತು, ಎಂಟು ನಿಮಿಷ. ಎಷ್ಟಂತ ಕುಳಿ ಅದು?
ಕೈಯಾಗ ಕೊಟ್ಟೆ. ಉಗುರು ಆಡಸ್ರಿ ಸರ್.
ನುಣ್ಣಗ ಕತ್ತರಿಸಿದ ಉಗುರು ಅವರದು,
ಏನೂ ಸಿಗಲಿಲ್ಲ.
ಸುಮೇಧಾ ಇಸಗೊಂಡ್ಲು.
ಒಂದು, ಎರಡು, ಮೂರು...
ಏಳಕ್ಕ ಆಕಿ ಬೆರಳು ನಿಂತಿತು.
ಮಾತಾಡಲಿಲ್ಲ. ಹೋಗಿ
ನಾಳಿನ ಹಲಗಿಯ ಮ್ಯಾಲಿನ ತನ್ನ ಹೆಸರು
ಅಂಗೈಲೆ ಒರಸಿದ್ಲು.

ಮೂರನೇ ದಿನ ರಾತ್ರಿ ಬಸ್ಸಿಗೆ ಪಾರ್ಸಲ್ ಬಂತು.
ಹೊಸಾ ಬಟ್ಟಲು ಕ್ಯಾಂಟೀನಿನ ಫ್ರಿಜ್ಜಿನ್ಯಾಗ,
ಹಾಲಿನ ಪಾಕೀಟಿನ ಬಾಜೂಕ ಮಲಗಿಸಿದ್ವಿ.
ಮುಂಜಾನೆ ಗಾಲಿ ಕಾಸಿ ಇಟ್ರ
ಟಕ್ ಅಂತ ಕೂತಿತು, ಸುತ್ತಿಗಿ ಮುಟ್ಟಲಿಲ್ಲ.
ಗ್ರೀಸು ನಾ ತುಂಬ್ತೀನಿ, ಅಂದ್ಲು ಸುಮೇಧಾ.
ಅಂಗೈಯಾಗ ಮುದ್ದಿ ಇಟ್ಟು
ಬೇರಿಂಗಿನ ಅಂಚಿಲೆ ಒತ್ತಿ, ಒತ್ತಿ,
ಆ ಕಡೆಯಿಂದ ಉಕ್ಕಿ ಬರೂತನಕ.
ನಮ್ಮವ್ವ ಎಣ್ಣಿಗಾಯಿ ತುಂಬೂದು ನೋಡೀನಿ, ಅಂದ್ಲು.
ಹಂಗ, ಆದ್ರ ಎರಡು ಥರದ ಮಸಾಲಿ ಕೂಡಿಸಬ್ಯಾಡ, ಅಂದೆ.

ಗಾಲಿ ತಿರುಗಿಸ್ಕೋತ ನಟ್ಟು ಬಿಗೀಬೇಕು, ತಡೆಯೂತನಕ.
ಆಮ್ಯಾಲ ಸಡ್ಲ ಬಿಡಬೇಕು,
ಕಡಾಣಿಗೆ ಕಿಂಡಿ ಸಿಗೂವಷ್ಟು.
ಎಷ್ಟು ಅಂದ್ರ ಎಷ್ಟು? ಕೇಳಿದ ಮೈಲಾರಿ.
ನನಗೂ ಹೇಳಾಕ ಬರಲಿಲ್ಲ.
ಅಂವನ ಕೈ ಹಿಡಿದು ಗಾಲಿ ಅಲ್ಲಾಡಿಸಿದೆ.

ಶುಕ್ರವಾರ ಮುಂಜಾನೆ ಆಕಿ ಒಬ್ಬಾಕಿನ ಮ್ಯಾಲ ಹೋದ್ಲು,
ತಿರುಗಿ ಬಂದ್ಲು.
ಎಡಗಡಿ ಗಾಳಿ. ಎಡಗಾಲಿ ಮೊದಲು ಮುಟ್ಟಿತು,
ಒಮ್ಮೆ ಪುಟದು, ಮತ್ತ ಮುಟ್ಟಿತು.
ಎಲ್ಲಾರೂ ಆಕಿ ಕಡೆ ಓಡಿದ್ರು.
ನಾ ಬಗ್ಗಿ, ಗಾಲಿಯ ನಡುವ
ಹಿಂಗೈ ಇಟ್ಟು ನೋಡಿದೆ.
ಬೆಚ್ಚಗಿತ್ತು.
ಜ್ವರ ಅಲ್ಲ.